ನಾಲ್ಕನೇ ಮೂಲೆಯ ಮಳೆಗಾಲ

ಮೊನ್ನೆ ಕುರ್ಲಾದಲ್ಲಿ ಇಳಿದು ಒಂದು ಸೈಟಿಗೆ ನಡೆದು ಹೋಗುತ್ತಿದ್ದೆ. ಇಷ್ಟು ಹತ್ತಿರಕ್ಕೆ ಬರುವುದಿಲ್ಲ ಎಂದು ರಿಕ್ಷಾದವನು ಮುಖ ತಿರುಗಿಸಿದ್ದ. ಗಲ್ಲಿಯ ಬಾಯಿಯಲ್ಲೇ ಯಾವುದೋ ಹಳೇ ಬಿಲ್ಡಿಂಗ್ ಒಡೆಯುತ್ತಿದ್ದರು. ಹಿಂದಿನ ದಿನ ಮಳೆ ಬಿದ್ದಿತ್ತು. ಉರುಳಿದ ಗೋಡೆಗಳಿಂದ ನೆನೆದ ಸುಣ್ಣದ ವಾಸನೆ ಏಳುತ್ತಿತ್ತು. ಎಷ್ಟೋ ವರ್ಷ ಜನ ಒಗ್ಗರಣೆ ಹಾಕಿ, ಊದುಬತ್ತಿ ಹಚ್ಚಿ, ಒದ್ದೆ ಬಟ್ಟೆ ಒಣಗಿಸಿದ ಗೋಡೆ ನೀರು ಕುಡಿದಾಗ ಬರುವ ವಾಸನೆ ಅದು. ಹೊಸ ಸಿಮೆಂಟಿಗೆ ಅದು ಬರುವುದಿಲ್ಲ. ನನಗೆ ಆ ವಾಸನೆ ಆಗುವುದಿಲ್ಲ. ದುಪಟ್ಟಾ ಮೂಗಿಗೆ ಒತ್ತಿಕೊಂಡು ಬೇರೆ ಗಲ್ಲಿಯಿಂದ ಸುತ್ತು ಹಾಕಿ ಹೋದೆ. ತಡವಾಯಿತು. ಯಾಕೆ ಎಂದು ಕೇಳಿದವರಿಗೆ ಲೋಕಲ್ ಲೇಟ್ ಎಂದೆ. ಮುಂಬಯಿಯಲ್ಲಿ ಆ ಕಾರಣಕ್ಕೆ ಎದುರು ಮಾತಿಲ್ಲ.

ಕೆಲವು ವರ್ಷಗಳ ಹಿಂದಿನ ಆ ಮಳೆಗಾಲದಲ್ಲಿ ನಾನು ಅಂಧೇರಿಯ ಒಂದು ಸಣ್ಣ ಆಫೀಸಿನಲ್ಲಿದ್ದೆ. ಹಳೇ ಬಿಲ್ಡಿಂಗುಗಳು ಇನ್ನೂ ನಿಲ್ಲುತ್ತವೆಯೋ ಇಲ್ಲವೋ ಎಂದು ನೋಡಿ ವರದಿ ಕೊಡುವ ಆಫೀಸು. ಇದ್ದದ್ದೇ ನಾವು ಮೂವರು. ಯಜಮಾನರು ಸಬನೀಸ್ ಸರ್, ಸರ್ಕಾರಿ ಎಂಜಿನಿಯರಾಗಿ ನಿವೃತ್ತರಾದ ಮೇಲೆ ಮನೆಯಲ್ಲಿ ಕೂತರೆ ಹೆಂಡತಿ ದಿನಾ ಬಾಜಿ-ತರಕಾರಿ ತರಲು ಅಟ್ಟುತ್ತಾಳೆ ಎಂದು ಹೆದರಿ ಆಫೀಸು ತೆರೆದವರು. ಸೈಟಿನಲ್ಲಿ ಅಳತೆ ತೆಗೆಯುವವನು ಬಾಗಲಕೋಟೆ ಕಡೆಯ ಯಲ್ಲಪ್ಪ. ಅವನು ಹೇಳಿದ ಅಂಕಿಗಳನ್ನು ಕಂಪ್ಯೂಟರಿಗೆ ಉಣಿಸುವವಳು ನಾನು. ಆಂಟಾಪ್ ಹಿಲ್‌ನಲ್ಲಿ ಬೆಳೆದು, ಕನ್ನಡ ಮಾಧ್ಯಮದ ಮುನ್ಸಿಪಾಲ್ಟಿ ಶಾಲೆಯಲ್ಲಿ ಕಲಿತು, ಹೇಗೋ ಸಿವಿಲ್ ಡಿಪ್ಲೊಮಾ ಮಾಡಿಕೊಂಡವಳಿಗೆ ಅದು ಮೊದಲ ಮರ್ಯಾದೆಯ ಕೆಲಸ.

ಗಣಿತಕ್ಕೆಂದೇ ಇರುವ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸರ್ ತಾವೇ ಒಂದು ಪ್ರೋಗ್ರಾಂ ಬರೆದಿಟ್ಟಿದ್ದರು. ಅಂಕಿಗಳನ್ನು ಅದಕ್ಕೆ ಮ್ಯಾಟ್ರಿಕ್ಸ್ ಮಾಡಿ ಕೊಡಬೇಕು. ಮೊದಲ ದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದ್ದರು: "ಚೌಕದ ಬ್ರಾಕೆಟ್ ತೆರೆ. ಅಂಕಿ ಹಾಕು, ಜಾಗ ಬಿಡು, ಅಂಕಿ ಹಾಕು. ಸಾಲು ಮುಗಿಯಿತಾ? ಸೆಮಿಕೋಲನ್. ಸೆಮಿಕೋಲನ್ ಅಂದರೆ ದಾದರ್ ಸ್ಟೇಷನ್ ಇದ್ದ ಹಾಗೆ ಬೇಟಾ. ಇಳಿಯಬೇಕು, ಲೈನು ಬದಲಿಸಬೇಕು." ಮೈನಸ್ ಗುರುತಿನ ಎರಡೂ ಕಡೆ ಜಾಗ ಬಿಟ್ಟರೆ ಅದು ಕಳೆಯುವ ಲೆಕ್ಕ, ಹಿಂದೆ ಮಾತ್ರ ಬಿಟ್ಟರೆ ಬೇರೆಯದೇ ಅಂಕಿ, ಇಂಥ ಸಣ್ಣ ಸಣ್ಣ ಮಡಿಮೈಲಿಗೆ ಆ ಭಾಷೆಗೆ ಬಹಳ. ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ ಆದರೆ ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು. ನನಗೆ ಆ ಬೈಗುಳ ಇಷ್ಟವಾಗಿತ್ತು. ತಪ್ಪನ್ನು ಮುಖಕ್ಕೆ ಹೇಳುವವರನ್ನು ನಾನು ಅಷ್ಟಾಗಿ ಕಂಡವಳಲ್ಲ.

ಕುರ್ಲಾದ ಲಕ್ಷ್ಮೀ ನಿವಾಸ ನಮ್ಮ ಆಫೀಸಿಗೆ ಬಂದದ್ದು ವಾಸು ಮಾಮನಿಂದ. ಮಾಮ ಅಂದರೆ ರಕ್ತಸಂಬಂಧವಲ್ಲ. ಉಡುಪಿ ಕಡೆಯಿಂದ ಬಂದ ನನ್ನಪ್ಪ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತಿದ್ದರೆ ಮಾಮ ಅದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದವರು. ಮದುವೆಗೆ ಮೊದಲು ಇಬ್ಬರೂ ಒಂದೇ ಖೋಲಿಯಲ್ಲಿ ಮಲಗಿದವರು. ಅಪ್ಪ ತೀರಿಕೊಂಡ ಮೇಲೆ ನನ್ನ ಡಿಪ್ಲೊಮಾ ಮುಗಿಯುವವರೆಗೂ ಪ್ರತಿ ಭಾನುವಾರ ಬಂದು, "ಓದಿದ್ದಿಯಾ? ಎಂತ ಓದಿದ್ದಿ, ಹೇಳು ನೋಡುವಾ" ಎಂದು ಕೇಳುತ್ತಿದ್ದರು. ಉತ್ತರ ಅವರಿಗೆ ತಿಳಿಯುತ್ತಿರಲಿಲ್ಲ, ಆದರೆ ಕೇಳುವುದನ್ನು ಬಿಡುತ್ತಿರಲಿಲ್ಲ. ಅವರೂ ಅವರ ಹೆಂಡತಿ ಗಿರಿಜತ್ತೆಯೂ ಲಕ್ಷ್ಮೀ ನಿವಾಸದ ನೆಲಮಹಡಿಯ ಮೊದಲ ಮನೆಯಲ್ಲಿ, ಹಿಂದುಗಡೆಯ ನಾಲೆಗೆ ತಾಗಿದ ಮೂಲೆಯಲ್ಲಿ ಇದ್ದರು. ಮಕ್ಕಳಿಲ್ಲ. ಬೇರೆ ಯಾರೂ ಒಪ್ಪದ ಕಾರಣ ಮಾಮನೇ ಬಿಲ್ಡಿಂಗಿನ ಸೊಸೈಟಿಯ ಚೇರ್ಮನ್.

ಪಕ್ಕದ ಜಾಗದಲ್ಲಿ ಟವರ್ ಏಳುತ್ತಿತ್ತು. ದಿನವಿಡೀ ನೆಲಕ್ಕೆ ಕಂಬ ಬಡಿಯುವ ಸದ್ದು. ಲಕ್ಷ್ಮೀ ನಿವಾಸದ ಗೋಡೆಗಳಲ್ಲಿ ಬಿರುಕು ಬಂತು, ಮುನ್ಸಿಪಾಲ್ಟಿ ನೋಟಿಸು ಅಂಟಿಸಿತು: ಬಿಲ್ಡಿಂಗ್ ಅಪಾಯದಲ್ಲಿದೆ, ಖಾಲಿ ಮಾಡಿ, ಇಲ್ಲವೇ ಗಟ್ಟಿಯಿದೆ ಎಂದು ಎಂಜಿನಿಯರನ ವರದಿ ತನ್ನಿ. ಖಾಲಿ ಮಾಡುವುದೆಂದರೆ ಏನೆಂದು ಈ ಊರಿನಲ್ಲಿ ಚಾಳು, ವಠಾರಗಳ ಮಕ್ಕಳಿಗೂ ಗೊತ್ತು. ಸರ್ಕಾರ ತಾತ್ಕಾಲಿಕವೆಂದು ಕೊಡುವ ಟ್ರಾನ್ಸಿಟ್ ಕ್ಯಾಂಪಿಗೆ ಹೋಗುವವರನ್ನು ಎಲ್ಲರೂ ನೋಡಿದ್ದಾರೆ, ತಿರುಗಿ ಬಂದವರನ್ನು ನೋಡಿದವರು ಸಿಗುವುದು ಕಷ್ಟ. ಮಾಮ ನನ್ನ ಹತ್ತಿರ ಬಂದು, "ನಿಮ್ಮ ಸರ್ ನೋಡ್ಲಿ. ನಿಲ್ಲುತ್ತದೆ ಅಂದ್ರೆ ನಿಲ್ಲುತ್ತದೆ, ಇಲ್ಲ ಅಂದ್ರೆ ಇಲ್ಲ. ಗುರ್ತ ಇಲ್ಲದವರ ಕಾಗದ ನಂಗೆ ಬೇಡ" ಎಂದರು.

ಜುಲೈ ಶುರುವಿನಲ್ಲಿ ಬಿಲ್ಡಿಂಗಿನ ನಾಲ್ಕು ಮೂಲೆಗೂ ಹಿತ್ತಾಳೆಯ ಮೊಳೆ ಬಡಿಸಿದೆವು. ವಾರಕ್ಕೊಮ್ಮೆ ಯಲ್ಲಪ್ಪ ತನ್ನ ಲೆವೆಲ್ ಯಂತ್ರ ಹೊತ್ತುಕೊಂಡು ಹೋಗಿ, ಹಿಂದಿನ ವಾರಕ್ಕಿಂತ ಪ್ರತಿ ಮೂಲೆ ಎಷ್ಟು ಮಿಲಿಮೀಟರ್ ಕೆಳಗಿಳಿದಿದೆ ಎಂದು ನೋಡುತ್ತಿದ್ದ. ಮಳೆಯಲ್ಲಿ ಕಾಗದ ಹಿಡಿದರೆ ಮುದ್ದೆಯಾಗುತ್ತದೆ. ಅದಕ್ಕೆ ಎಲ್ಲ ಸೈಟಿನಲ್ಲೂ ಅವನದೊಂದು ಪದ್ಧತಿ: ಕೆಂಪು ಮೇಣದ ಬಳಪದಲ್ಲಿ ಆಯಾ ಮೊಳೆಯ ಮೇಲೆ ಗೋಡೆಗೇ ಬರೆದುಬಿಡುವುದು, ವಾರದ ಕೆಳಗೆ ವಾರ. ಫೋಟೋ ಕಳಿಸು ಎಂದರೆ ಅವನ ಹೆಬ್ಬೆರಳಿನ ಫೋಟೋ ಬರುತ್ತಿತ್ತು. ಆದ್ದರಿಂದ ತಿಂಗಳ ಕೊನೆಗೆ ಬಿಲ್ಡಿಂಗಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಮೂಲೆ ಮೂಲೆಯ ಎದುರು ನಿಂತು ಫೋನಿನಲ್ಲಿ ಕೂಗಿ ಹೇಳುತ್ತಿದ್ದ. ಒಂದನೇ ಮೂಲೆಯ ಎಲ್ಲ ವಾರ, ಆಮೇಲೆ ಎರಡನೇ ಮೂಲೆಯ ಎಲ್ಲ ವಾರ, ಹೀಗೆ.

ಸರ್ ಬರೆದ ಪ್ರೋಗ್ರಾಮಿಗೆ ಬೇಕಾದದ್ದು ಇದಕ್ಕೆ ಅಡ್ಡಲಾಗಿತ್ತು. ಅಲ್ಲಿ ಒಂದು ಅಡ್ಡಸಾಲೆಂದರೆ ಒಂದು ವಾರ, ಒಂದು ಕಂಬಸಾಲೆಂದರೆ ಒಂದು ಮೂಲೆ. ನಾನು ಯಲ್ಲಪ್ಪ ಹೇಳಿದ ಹಾಗೆಯೇ ಮೂಲೆಗೊಂದು ಸಾಲು ಹೊಡೆದು, ಬ್ರಾಕೆಟ್ ಮುಚ್ಚಿದ ಮೇಲೆ ತುದಿಯಲ್ಲಿ ಒಂದು ಪುಟ್ಟ ಗೀಟು ಹಾಕುತ್ತಿದ್ದೆ. ಆ ಗೀಟು ಹಾಕಿದರೆ ಇಡೀ ಪಟ್ಟಿ ಮಗುಚಿಕೊಳ್ಳುತ್ತದೆ. ಮಲಗಿದ ಸಾಲು ನಿಲ್ಲುತ್ತದೆ, ನಿಂತದ್ದು ಮಲಗುತ್ತದೆ. ಅದನ್ನು ಕಲಿಸಿದವರೂ ಸರ್ ಅವರೇ. ಒಂದೊಂದು ಸಲ ಮರೆತರೂ ಚಿಂತೆಯಿರಲಿಲ್ಲ. ಬೇರೆ ಬಿಲ್ಡಿಂಗುಗಳಿಂದ ಅಲ್ಲಿಯವರೆಗೆ ಬಂದದ್ದೆಲ್ಲ ಮೂರು ವಾರದ ಅಥವಾ ಐದು ವಾರದ ಅಂಕಿ, ಗೀಟಿಲ್ಲದಿದ್ದರೆ ಸಾಲುಗಳ ಉದ್ದ ಹೊಂದದೆ ಕಂಪ್ಯೂಟರೇ ಬೈದು ನಿಲ್ಲಿಸುತ್ತಿತ್ತು.

ಆ ಜುಲೈ ಕೊನೆಯಲ್ಲಿ ಮುನ್ಸಿಪಾಲ್ಟಿಗೆ ವರದಿ ಕೊಡಬೇಕಾದ ದಿನವೇ ಆಕಾಶ ಹರಿದುಬಿತ್ತು. ಹಾರ್ಬರ್ ಲೈನ್ ನೀರಿನೊಳಗಿತ್ತು. ನಾನು ವಡಾಳಾ ಸ್ಟೇಷನ್ನಿನಲ್ಲಿ ಸಾವಿರ ಜನರ ನಡುವೆ ನಿಂತು, ಹಳಿ ಕಾಣದ ನೀರು ನೋಡಿ, ಮೊಣಕಾಲವರೆಗಿನ ಕೊಳಕಿನಲ್ಲಿ ಮನೆಗೆ ವಾಪಸಾದೆ. ಸರ್ ಮನೆ ಆಫೀಸಿನ ಹತ್ತಿರ. ಅವರು ಕೊಡೆ ಹಿಡಿದು ನಡೆದೇ ಹೋಗಿ, ಯಲ್ಲಪ್ಪನ ಫೋನು ತಾವೇ ಎತ್ತಿ, ಅವನು ಕೂಗಿದಂತೆ ತಾವೇ ಟೈಪು ಮಾಡಿದರು. ಎಷ್ಟೋ ಕಾಲದಿಂದ ಅವರು ಕೈಯಾರೆ ಅಂಕಿ ತುಂಬಿದ್ದಿಲ್ಲ. ತುದಿಯ ಗೀಟು ಹಾಕಲಿಲ್ಲ. ಆ ಸಲ ನಾಲ್ಕು ಮೂಲೆ, ನಾಲ್ಕು ವಾರ. ಯಂತ್ರಕ್ಕೆ ಬೇಕಾದದ್ದು ಸಾಲಿಗೆ ನಾಲ್ಕು ಅಂಕಿ, ಸಿಕ್ಕಿದ್ದೂ ಸಾಲಿಗೆ ನಾಲ್ಕು ಅಂಕಿ. ಅದು ತುಟಿ ಪಿಟಕ್ಕೆನ್ನಲಿಲ್ಲ.

ಗೋಡೆಯ ಮೇಲೆ ಇದ್ದದ್ದು ಇಷ್ಟು: ಮೊದಲ ಮೂರು ಮೂಲೆಗಳು ಹೆಚ್ಚುಕಡಿಮೆ ಅಲುಗಿಲ್ಲ, ನಾಲ್ಕನೇ ಮೂಲೆ ವಾರ ವಾರವೂ ಮೂರು ಮಿಲಿಮೀಟರ್ ಇಳಿದಿದೆ. ಪಟ್ಟಿ ಮಗುಚದೆ ಉಳಿದದ್ದರಿಂದ ಯಂತ್ರ ಓದಿಕೊಂಡದ್ದು ಬೇರೆ: ಮೂರು ವಾರ ಏನೂ ಆಗಿಲ್ಲ, ನಾಲ್ಕನೇ ವಾರ ನಾಲ್ಕೂ ಮೂಲೆ ಒಟ್ಟಿಗೆ ಮೂರು ಮಿಲಿಮೀಟರ್ ಇಳಿದಿವೆ. ಎಲ್ಲ ಮೂಲೆ ಸಮನಾಗಿ ಇಳಿದರೆ ಬಿಲ್ಡಿಂಗಿಗೆ ನೋವಿಲ್ಲ, ನೆನೆದ ನೆಲ ಸ್ವಲ್ಪ ಕೂತಿತು ಅಷ್ಟೇ. ಒಂದೇ ಮೂಲೆ ಇಳಿಯುತ್ತ ಹೋದರೆ ಗೋಡೆ ಹರಿಯುತ್ತದೆ, ತೊಲೆ ಜಾಗ ಬಿಡುತ್ತದೆ. ಸರ್ ವರದಿ ಬರೆದರು: ಲಕ್ಷ್ಮೀ ನಿವಾಸ ಸದ್ಯಕ್ಕೆ ವಾಸಕ್ಕೆ ಯೋಗ್ಯ.

ಆ ಭಾನುವಾರ ಮಾಮ ನನ್ನನ್ನು ಕರೆಸಿದ್ದರು. ಗಿರಿಜತ್ತೆ ದೊಡ್ಡ ಪಾತ್ರೆಯಲ್ಲಿ ಶಿರಾ ಮಾಡಿ ಇಡೀ ಬಿಲ್ಡಿಂಗಿಗೆ ಹಂಚಿದರು. ಮೇಲಿನ ಮಹಡಿಯ ಮರಾಠಿ ಹೆಂಗಸರು, ಎದುರು ಮನೆಯ ಕೊಂಕಣಿ ಮಾಸ್ತರು, ಎಲ್ಲರೂ ಬಾಗಿಲಲ್ಲಿ ನಿಂತು ನನ್ನನ್ನು ಹೊಸ ಸೊಸೆಯ ಹಾಗೆ ನೋಡಿದರು. ಅಡುಗೆಮನೆಯ ಬಾಗಿಲು ಹಾಕಲು ಅತ್ತೆ ಸೊಂಟದಿಂದ ಒಂದು ಗುದ್ದು ಕೊಡಬೇಕಾಗುತ್ತಿತ್ತು. "ಮಳೆಗೆ ಮರ ಉಬ್ಬಿದ್ದು" ಎಂದು ಮಾಮ ನಕ್ಕರು. ಮರ ಉಬ್ಬುವ ಕಾಲವೇ ಅದು. "ನಿನ್ನ ಅಪ್ಪ ಇರಬೇಕಿತ್ತು ಮಾರಾಯ್ತಿ" ಎಂದು ಮಾಮ ನನ್ನ ತಲೆ ಮುಟ್ಟಿದಾಗ ನಾನು ಹೆಮ್ಮೆಯಿಂದ ಇನ್ನಷ್ಟು ಶಿರಾ ಹಾಕಿಸಿಕೊಂಡೆ. ಅಷ್ಟು ಸಂತೋಷದ ಭಾನುವಾರ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಮುಂದಿನ ವಾರದ ಅಳತೆ ಬಂದದ್ದು ಒಂದು ಮಂಕು ಮಧ್ಯಾಹ್ನ. ಸರ್ ಊಟಕ್ಕೆ ಮನೆಗೆ ಹೋಗಿದ್ದರು. ಒಂದೇ ವಾರದ ಅಂಕಿಯಾದ್ದರಿಂದ ಯಲ್ಲಪ್ಪ ಸುತ್ತು ಬರುತ್ತಾ ನಾಲ್ಕೇ ಅಂಕಿ ಹೇಳಿದ: ಸೊನ್ನೆ, ಸೊನ್ನೆ, ಒಂದು, ನಾಲ್ಕು. ಹಳೆಯ ಪಟ್ಟಿ ತೆರೆದು ಅದರಡಿ ಸೇರಿಸಹೊರಟವಳು ಕೈ ತಡೆದೆ. ಮೇಲಿನ ಸಾಲಿನಲ್ಲಿ ಮೂರು, ಮೂರು, ಮೂರು, ಮೂರು. ಹೋದ ವಾರ ನಾಲ್ಕೂ ಮೂಲೆ ಒಟ್ಟಾಗಿ ಇಳಿದ ಬಿಲ್ಡಿಂಗು ಈ ವಾರ ಒಂದೇ ಮೂಲೆಯಲ್ಲಿ ಯಾಕೆ ಇಳಿಯಬೇಕು? ಯಲ್ಲಪ್ಪ ಇನ್ನೂ ಫೋನಿನಲ್ಲಿದ್ದ.

"ಯಲ್ಲಪ್ಪಾ, ಹೋದ ವಾರ ಒಂದನೇ ಮೂಲೆಯಲ್ಲಿ ಎಷ್ಟು ಬರೆದಿದ್ದೀಯ? ಹೋಗಿ ಗೋಡೆ ನೋಡಿ ಹೇಳು."

"ಒಂದನೇ ಮೂಲ್ಯಾಗ ಏನೂ ಇಲ್ರಿ ಮೇಡಂ, ಸೊನ್ನಿ ಐತಿ."

"ಮೂರು ಅಲ್ಲವಾ?"

"ಎಲ್ಲೀ ಮೂರ್ರಿ? ಮೂರು ನಾಕನೇ ಮೂಲ್ಯಾಗ ಐತಿ. ನಾಕೂ ವಾರ ಅದ ಐತ್ರಿ. ನಾ ಸಾಹೇಬ್ರಿಗೆ ಬಿಡಿಸಿ ಬಿಡಿಸಿ ಹೇಳೀನಲ್ರಿ."

ಪಟ್ಟಿಯ ತುದಿ ನೋಡಿದೆ. ಬ್ರಾಕೆಟ್ ಮುಚ್ಚಿತ್ತು, ಆಮೇಲೆ ಏನೂ ಇರಲಿಲ್ಲ. ಗೀಟು ಹಾಕಿ ಎಂಟರ್ ಒತ್ತಿದೆ. ಮೂರುಗಳೆಲ್ಲ ಎದ್ದು ನಾಲ್ಕನೇ ಕಂಬಸಾಲಿನಲ್ಲಿ ಒಂದರ ಕೆಳಗೊಂದು ನಿಂತವು. ಆ ಮೂಲೆಯ ಮೇಲೆ ಮೂರು ಮಹಡಿ, ಮೂರು ಸಂಸಾರ, ಕೆಳಗೆ ವಾಸು ಮಾಮ. ಅತ್ತೆ ಗುದ್ದಿ ಹಾಕುತ್ತಿದ್ದ ಅಡುಗೆಮನೆಯ ಬಾಗಿಲು ನೆನಪಾಯಿತು; ಮರ ಉಬ್ಬಿದ್ದಲ್ಲ, ಚೌಕಟ್ಟೇ ಓರೆಯಾಗಿದ್ದಿರಬೇಕು.

ಸರ್ ಬಂದರು. ನಾನು ಸ್ಕ್ರೀನ್ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೀಟು ಅಳಿಸಿ ಎಂಟರ್ ಒತ್ತಿದರು, ಹಾಕಿ ಎಂಟರ್ ಒತ್ತಿದರು. ಮೂರುಗಳು ಮಲಗಿದವು, ಎದ್ದವು. "ಅರೇ ದೇವಾ" ಎಂದು ಮರಾಠಿಯಲ್ಲಿ ಏನೋ ಗೊಣಗಿಕೊಂಡು ಕುರ್ಚಿಯಲ್ಲಿ ಕುಸಿದರು. ಅವರನ್ನು ದೂರುವ ಮನಸ್ಸು ನನಗೆ ಆಗಲೂ ಬರಲಿಲ್ಲ, ಈಗಲೂ ಇಲ್ಲ. ಬೇರೆಯವರಾಗಿದ್ದರೆ ಇನ್ನೊಂದು ವಾರ ನೋಡೋಣ ಎಂದು ಕೈತೊಳೆದುಕೊಳ್ಳುತ್ತಿದ್ದರು. ಸರ್ ಅಂದೇ ಮುನ್ಸಿಪಾಲ್ಟಿಗೆ ಹೊಸ ವರದಿ ಕಳಿಸಿ, ಸಂಜೆ ನನ್ನನ್ನೂ ಕರೆದುಕೊಂಡು ಕುರ್ಲಾಕ್ಕೆ ಹೊರಟರು. ಮೆಟ್ರೋದಲ್ಲಿ, ಆಮೇಲೆ ಲೋಕಲ್‌ನಲ್ಲಿ, ಇಡೀ ದಾರಿ ಹೊಸ ವರದಿಯ ಪ್ರತಿಯನ್ನು ಮತ್ತೆ ಮತ್ತೆ ಓದಿದರು.

ಲಕ್ಷ್ಮೀ ನಿವಾಸದ ಅಂಗಳದಲ್ಲಿ ಜನ ಸೇರಿದರು. ಸರ್ ನಿಂತು, ತಪ್ಪು ನನ್ನದು, ಅಂಕಿ ತುಂಬುವಾಗ ಎಡವಿದೆ, ನಾಲ್ಕನೇ ಮೂಲೆ ಇಳಿಯುತ್ತಿದೆ, ದಯವಿಟ್ಟು ಖಾಲಿ ಮಾಡಿ, ರಿಪೇರಿಗೆ ಎಂಟು ತಿಂಗಳು ಸಾಕು ಎಂದರು. ತಪ್ಪಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳದ ಊರಿನಲ್ಲಿ, ಹೇಳಿದವನ ಮೇಲೆಯೇ ಮೊದಲು ಅನುಮಾನ. ಗುಂಪಿನ ಹಿಂದಿನಿಂದ ಯಾರೋ, "ಕಿತ್ನಾ ಮಿಲಾ?" ಎಂದರು. ಎಷ್ಟು ಸಿಕ್ಕಿತು ಎಂದು. ಪಕ್ಕದ ಟವರಿನ ಬಿಲ್ಡರ್ ಈ ಜಾಗದ ಮೇಲೂ ಕಣ್ಣಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಹೋದ ವಾರ ಗಟ್ಟಿ, ಈ ವಾರ ಬೀಳುತ್ತದೆ; ನಡುವೆ ಬಿಲ್ಡರ್ ಬಿಟ್ಟರೆ ಇನ್ನು ಯಾರು ಬರಲು ಸಾಧ್ಯ? ಒಬ್ಬ ಸರ್ ಕಾಲರಿಗೆ ಕೈ ಹಾಕಿದ. ಅವರ ಕನ್ನಡಕ ಕೆಸರಿಗೆ ಬಿತ್ತು. ಮರಾಠಿ ಹೆಂಗಸೊಬ್ಬಳು ನನ್ನ ಕಡೆ ತಿರುಗಿ, "ನಮ್ಮ ಶಿರಾ ತಿಂದೆಯಲ್ಲ!" ಎಂದು ಕೂಗಿದಳು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ನಾನು ಬಗ್ಗಿ ಕನ್ನಡಕ ಎತ್ತಿಕೊಂಡೆ.

ಮಾಮ ಜಗಳ ಬಿಡಿಸಿ ಸರ್ ಅವರನ್ನು ರಿಕ್ಷಾದಲ್ಲಿ ಕೂರಿಸಿದರು. ನನ್ನನ್ನು ಮಾತ್ರ ಒಳಗೆ ಕರೆದರು. ಗಿರಿಜತ್ತೆ ನೀರು ಕೊಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ನಾನು ಮಾಮನನ್ನು ಹೊರಗಿನ ಗೋಡೆಯ ಬಳಿ ಕರೆದುಕೊಂಡು ಹೋಗಿ ಯಲ್ಲಪ್ಪನ ಕೆಂಪು ಬರಹ ತೋರಿಸಿದೆ. ಅವರ ಮನೆಯ ಮೂಲೆಯಲ್ಲಿ ಮೂರು, ಅದರ ಕೆಳಗೆ ಮೂರು, ಕೆಳಗೆ ಮೂರು, ಕೆಳಗೆ ಮೂರು, ಎಲ್ಲಕ್ಕೂ ಅಡಿಯಲ್ಲಿ ಹೊಸದಾಗಿ ನಾಲ್ಕು. ಬೇರೆ ಮೂಲೆಗಳಲ್ಲಿ ಬರೀ ಸೊನ್ನೆ, ಒಂದು. ಮಾಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ತಿರುಗಿ ಒಳಗೆ ಬಂದು ಮಂಚದ ಮೇಲೆ ಕೂತರು.

"ಇದು ಬೀಳುತ್ತದಾ ಸುಮಿ?"

"ಗೊತ್ತಿಲ್ಲ ಮಾಮ. ಇಳೀತಾ ಉಂಟು. ನಿಲ್ಲುತ್ತದೆ ಅಂತ ಹೇಳ್ಲಿಕ್ಕೆ ನಂಗೆ ಧೈರ್ಯ ಇಲ್ಲ."

"ಖಾಲಿ ಮಾಡಿದ್ರೆ, ರಿಪೇರಿ ಮಾಡಿಸಿ, ನಾವು ತಿರುಗಿ ಬರ್ತೇವಾ?"

ಹೌದು ಎನ್ನಬೇಕೆಂದು ಎಷ್ಟು ಆಸೆಯಾಯಿತು! ಒಂದು ಮಾತು, ಅವರು ನೆಮ್ಮದಿಯಿಂದ ಎದ್ದು ಬರುತ್ತಿದ್ದರು. ಆದರೆ ಇವರು ಭಾನುವಾರ ಭಾನುವಾರ ಬಂದು ನನ್ನ ಓದು ಕೇಳಿದವರು.

"ಅದೂ ಗೊತ್ತಿಲ್ಲ ಮಾಮ" ಎಂದೆ. ಅಳು ಬಂತು.

ಮಾಮ ಗೋಡೆಯ ಮೊಳೆಯಿಂದ ಬೀಗದ ಕೈ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. "ಮುನ್ಸಿಪಾಲ್ಟಿಯವ ಒಂದೇ ವರ್ಷ ಅಂತ ಹೇಳಿದ. ನಿನ್ನ ಸರ್ ಎಂಟು ತಿಂಗಳು ಸಾಕು ಅಂದ್ರು. ಆ ಬಿಲ್ಡರ್‌ನ ಜನ ಬಂದು, ಅರಮನೆ ಕಟ್ಟಿ ಕೊಡ್ತೇವೆ ಅಂತ ಹೇಳಿ ಹೋಗಿದ್ದಾರೆ. ಗೊತ್ತಿಲ್ಲ ಅಂತ ಹೇಳಿದ್ದು ನೀನೊಬ್ಬಳು." ಅತ್ತೆಯ ಕಡೆ ತಿರುಗಿ, "ಗಿರಿಜಾ, ಹೊರಡುವಾ" ಎಂದರು.

ಅತ್ತೆ ಎದ್ದು ಡಬ್ಬಿಗಳನ್ನು ಕೆಳಗಿಳಿಸತೊಡಗಿದರು.

ಚೇರ್ಮನ್ನನೇ ಮನೆಗೆ ಬೀಗ ಹಾಕಿದ ಮೇಲೆ ಉಳಿದವರ ಹಟ ಸಡಿಲವಾಯಿತು. ಮೊದಲು ಮೂಲೆಯ ಮನೆಗಳು, ಆಮೇಲೆ ಒಂದೊಂದಾಗಿ ಇಡೀ ಬಿಲ್ಡಿಂಗು. ಕೆಲವರು ಮಾಮನಿಗೆ ಬೈಯುತ್ತಲೇ ಇಳಿದರು. ಸುರಿವ ಮಳೆಯಲ್ಲಿ ಟೆಂಪೋಗಳಿಗೆ ಫ್ರಿಜ್ಜು, ಗೋದ್ರೆಜ್ಜಿನ ಕಪಾಟು, ದೇವರ ಪಟ, ಪ್ಲಾಸ್ಟಿಕ್ ಡ್ರಮ್ಮು ಏರಿದವು. ಟಾರ್ಪಾಲು ಎಷ್ಟೆಳೆದರೂ ಹಾಸಿಗೆಗಳು ನೆನೆದವು. ಎದುರು ಮನೆಯ ಕೊಂಕಣಿ ಮಾಸ್ತರು ಮಾತ್ರ ಹೊರಡುವ ಮೊದಲು ಖಾಲಿ ಮನೆಯನ್ನು ಗುಡಿಸಿ ಒರೆಸಿದರು. ಯಾಕೆ ಮಾಸ್ತರೇ ಎಂದರೆ, ಬಿಟ್ಟು ಹೋಗುವ ಮನೆ ಕೊಳಕಾಗಿ ಇರಬಾರದು ಎಂದರು. ಯಲ್ಲಪ್ಪ ಸೈಟಿನ ಕೆಲಸ ಬಿಟ್ಟು ಬಂದು ಎರಡು ದಿನ ಎಲ್ಲರ ಸಾಮಾನು ಹೊತ್ತ. "ನಾನ ಬರದ ಅಂಕಿರಿ ಮೇಡಂ, ನಾನ ಹೊರಬೇಕ" ಎಂದ.

ಆಮೇಲೆ ನಾನು ಮಾಡಿದ್ದು ಕಾಯುವ ಕೆಲಸ. ಆಗಸ್ಟಿನಲ್ಲಿ ಹಗಲೂ ರಾತ್ರಿ ಸುರಿಯಿತು. ದಿನಾ ಬೆಳಿಗ್ಗೆ ಫೋನು ಹಿಡಿದು ಕುರ್ಲಾದ ಸುದ್ದಿ ಹುಡುಕುತ್ತಿದ್ದೆ. ಬಿಲ್ಡಿಂಗು ಬೀಳಲಿಲ್ಲ. ಜನ ಹೋದ ಮೇಲೆ ಪಕ್ಕದವರು ಕಂಬ ಬಡಿಯುವುದನ್ನು ಕೆಲಕಾಲ ನಿಲ್ಲಿಸಿದ್ದರು, ಮೇಲಿನ ಮನೆಗಳ ಭಾರವೂ ಇಳಿದಿತ್ತು. ಅದರಿಂದಲೋ, ಅಥವಾ ಆ ನೆಲಕ್ಕೆ ಅಷ್ಟೇ ಸಾಕಾಗಿತ್ತೋ. ಗಣಪತಿ ಹಬ್ಬಕ್ಕೂ ನಿಂತಿತ್ತು, ನವರಾತ್ರಿಗೂ ನಿಂತಿತ್ತು. ಹೇಳಿದರೆ ಯಾರೂ ನಂಬುವುದಿಲ್ಲ, ಅದು ಬೀಳಲಿ ಎಂದು ನಾನು ದೇವರಲ್ಲಿ ಬೇಡಿಕೊಂಡದ್ದುಂಟು. ಒಳಗೆ ಯಾರೂ ಇಲ್ಲವಲ್ಲ, ಆ ಒಂದು ಮೂಲೆ ಕಳಚಿ ಬೀಳಲಿ, ಎಲ್ಲರೂ ನೋಡಲಿ ಎಂದು. ಮಳೆಗಾಲ ಮುಗಿಯಿತು. ಲಕ್ಷ್ಮೀ ನಿವಾಸ ಬಿಸಿಲಲ್ಲಿ ಒಣಗುತ್ತ ಹಾಗೆಯೇ ನಿಂತಿತ್ತು, ಕಿಟಕಿಗಳಿಲ್ಲದೆ.

ದೀಪಾವಳಿ ಕಳೆದ ಮೇಲೆ ಮುನ್ಸಿಪಾಲ್ಟಿಯ ಯಂತ್ರಗಳು ಬಂದು ಅದನ್ನು ಕೆಡವಿದವು. ಅಪಾಯದಲ್ಲಿದೆ ಎಂದು ನಮ್ಮದೇ ವರದಿ ಇತ್ತಲ್ಲ. ನಾನು ರಸ್ತೆಯಾಚೆ ನಿಂತು ನೋಡಿದೆ. ನಾಲ್ಕನೇ ಮೂಲೆ ಕೆಡವಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಧೂಳು ಆರಿಸಲು ನೀರು ಹೊಡೆದರು. ಒದ್ದೆ ಸುಣ್ಣದ ವಾಸನೆ ನನ್ನ ಬಟ್ಟೆಗೆ ಹತ್ತಿಕೊಂಡು ಮನೆಯವರೆಗೂ ಬಂತು. ಲಕ್ಷ್ಮೀ ನಿವಾಸದವರಲ್ಲಿ ಕೆಲವರು ಅಲ್ಲಿಗೆ ಬಂದಿದ್ದರು. ನನ್ನನ್ನು ನೋಡಿ ಆಚೆ ಸರಿದು ನಿಂತರು. ಸರ್ ಆ ಚಳಿಗಾಲದಲ್ಲೇ ಆಫೀಸು ಮುಚ್ಚಿದರು. ಈಗ ಬಾಜಿ ತರಲು ಹೋಗುತ್ತಾರಂತೆ.

ಆ ಜಾಗದಲ್ಲಿ ಈಗ ಪಕ್ಕದ ಟವರಿನ ತಮ್ಮನಂಥ ಇನ್ನೊಂದು ಟವರ್. ಹಳಬರಿಗೆ ಕೊಡಬೇಕಾದ ಮನೆಗಳ ವ್ಯಾಜ್ಯ ಕೋರ್ಟಿನಲ್ಲಿದೆ. ವಾಸು ಮಾಮ, ಗಿರಿಜತ್ತೆಗೆ ಸಿಕ್ಕಿದ್ದು ದೂರ ಉಪನಗರದ ಟ್ರಾನ್ಸಿಟ್ ಕ್ಯಾಂಪಿನ ಐದನೇ ಮಹಡಿ. ಲಿಫ್ಟು ಹೆಸರಿಗೆ ಮಾತ್ರ. ಬೆಳಗಾದರೆ ಕುರ್ಲಾದ ಮಾರ್ಕೆಟ್ಟಿನಲ್ಲಿ ಹತ್ತು ಜನರನ್ನು ಮಾತಾಡಿಸಿ ಬರುತ್ತಿದ್ದ ಮನುಷ್ಯ ಮನೆಯೆದುರಿನ ಗ್ಯಾಲರಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಮೊಣಕಾಲು ಹೋಯಿತು, ಆಮೇಲೆ ಮಾತು ಕಡಿಮೆಯಾಯಿತು. ನಾನು ಹೋದಾಗಲೆಲ್ಲ, "ಬಂದಿಯಾ" ಎನ್ನುತ್ತಿದ್ದರು, ಅಷ್ಟೇ. ದೂರು ಒಂದಿಲ್ಲ. ದೂರಿದ್ದರೆ ನನಗೆ ಹಗುರವಾಗುತ್ತಿತ್ತು. ಎದೆನೋವು ಬಂದ ದಿನ ನೆರೆಯವರು ಕುರ್ಚಿಯಲ್ಲೇ ಕೂರಿಸಿ ಹೊತ್ತು ಇಳಿಸುವಷ್ಟರಲ್ಲಿ, ಎರಡನೇ ಮಹಡಿಯ ತಿರುವಿನಲ್ಲಿ ಹೋಗಿಬಿಟ್ಟರು.

ಮಾಮನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮಾರನೇ ದಿನ ಹೋದೆ. ನೆಂಟರೆಲ್ಲ ಹೊರಟುಹೋಗಿದ್ದರು. ಅತ್ತೆ ಚಾ ಮಾಡಿ ತಂದು ನನ್ನೆದುರು ನೆಲದ ಮೇಲೆ ಕೂತರು. ಮಾಮನ ಬಗ್ಗೆ ಅದೂ ಇದೂ ಮಾತಾಡಿದೆವು, ಕಾವಲಿಯ ಮುಂದೆ ನಿಂತು ನಿಂತು ಕಾಲಿನ ನರ ಊದಿಕೊಂಡದ್ದು, ದೋಸೆ ಹುಯ್ಯುವವನಿಗೆ ಮನೆಯಲ್ಲಿ ದೋಸೆ ಕಂಡರೆ ಆಗದಿದ್ದದ್ದು. ಅತ್ತೆ ಸ್ವಲ್ಪ ನಕ್ಕರು ಕೂಡ. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದರು.

"ಸುಮಿ, ಒಂದು ಕೇಳ್ತೇನೆ. ನಾವು ಬರದೆ ಅಲ್ಲಿಯೇ ಇದ್ದಿದ್ರೆ, ಆ ಮಳೆಗೆ ಅದು ಬೀಳ್ತಿತ್ತಾ?"

ನಾನು ಆ ಅಂಕಿಗಳನ್ನು ಆಮೇಲೆ ಎಷ್ಟು ಸಲ ತುಂಬಿ ನೋಡಿದ್ದೇನೆಂದು ನನಗೇ ಲೆಕ್ಕವಿಲ್ಲ. ಜನರ ಭಾರ ಸೇರಿಸಿ, ಕಂಬ ಬಡಿತ ಸೇರಿಸಿ, ಇನ್ನೂ ಕೆಲವು ವಾರ ಇಳಿದರೆ ಏನಾಗುತ್ತಿತ್ತು ಎಂದು. ಒಮ್ಮೆ ಬೀಳುತ್ತದೆ, ಒಮ್ಮೆ ನಿಲ್ಲುತ್ತದೆ. ಯಂತ್ರಕ್ಕೂ ಗೊತ್ತಿಲ್ಲ.

"ಗೊತ್ತಿಲ್ಲ ಅತ್ತೆ" ಎಂದೆ.

ಅತ್ತೆ ತಲೆಯಾಡಿಸಿದರು. ನನ್ನ ಖಾಲಿ ಲೋಟ ತೆಗೆದುಕೊಂಡು, ಗೋಡೆಗೆ ಕೈಕೊಟ್ಟು ಮೆಲ್ಲಗೆ ಎದ್ದರು. ಪಾತ್ರೆ ತೊಳೆಯುವ ಮೋರಿಯ ಹತ್ತಿರ ಹೋಗಿ, ಬೆನ್ನು ಹಾಕಿ ನಿಂತು, ನಲ್ಲಿ ಬಿಡುವ ಮೊದಲು ಹೇಳಿದರು.

"ಬೀಳ್ತಿತ್ತು ಅಂತ ಒಂದು ಸುಳ್ಳು ಹೇಳ್ಬಹುದಿತ್ತು ಮಗಾ ನೀನು. ಈಗ ಆದ್ರೂ."